ಮುಡಿಯ ಹಗ್ಗವೂ ಸ್ಥಾಪನಾ ನಿಕ್ಷೇಪವೂ

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ಶ್ರಾವಕರಿಗೆ ಶಿಲ್ಪವೆಂದೊಡನೆ ಕಣ್ಣೆದುರು ನಿಲ್ಲುವುದು ಶ್ರವಣಬೆಳಗೊಳದ ಬಾಹುಬಲಿ. ಅಲ್ಲಿ ಶಿಲ್ಪಿ ಬೇಡವಾದ ಕಲ್ಲನ್ನು ಕಳೆದು ರೂಪವನ್ನು ಹೊರತಂದನು. ನಿತ್ಯ ಬಳಕೆಯ ವಸ್ತುಗಳನ್ನೇ ತಂದಿರಿಸಿ ಶಿಲ್ಪವೆನ್ನುವ ಇಂದಿನ ಪದ್ಧತಿ ಅಂಥ ಕಣ್ಣಿಗೆ ವಿನೋದವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಈ ಪದ್ಧತಿಯಲ್ಲಿ ಲೋಕಪ್ರಸಿದ್ಧರಾದ ಶೀಲಾ ಗೌಡರು ಜನಿಸಿದ್ದು ತರೀಕೆರೆಯ ನೆರೆಯ ಭದ್ರಾವತಿಯಲ್ಲಿ, 1957ರಲ್ಲಿ.

1998ರ ಅವರ ಒಂದು ಕೃತಿಗೆ ಬೇಕಾದದ್ದು ಸೂಜಿ, ದಾರ, ಕುಂಕುಮ, ಅಂಟು ಮಾತ್ರ. ನೂರಾರು ಅಡಿ ದಾರವನ್ನು ಸೂಜಿಯ ಕಣ್ಣಿನಲ್ಲಿ ಹಾಯಿಸಿ, ಎಳೆಗಳನ್ನು ಕೂಡಿಸಿ ಕುಂಕುಮ ಬಳಿದ ಕೆಂಪು ಹುರಿಯ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಮನೆಯ ಹೆಂಗಸರ ದುಡಿಮೆಯೂ ಅದರ ನೋವೂ ಅಲ್ಲಿ ಒಟ್ಟಿಗೇ ಕಾಣುತ್ತವೆ.

2009ರಲ್ಲಿ ವೆನಿಸ್ಸಿನ ಬಿಯೆನಾಲೆಯಲ್ಲಿ ಪ್ರದರ್ಶಿತವಾದ 'ಬಿಹೋಲ್ಡ್' ಇನ್ನೂ ಗಹನವಾದುದು. ಸುಮಾರು 4,000 ಮೀಟರು ಉದ್ದದ ಕೂದಲ ಹಗ್ಗ 20 ಕಾರಿನ ಬಂಪರುಗಳನ್ನು ಎತ್ತಿ ಹಿಡಿದಿದೆ. ದೇವಸ್ಥಾನದಲ್ಲಿ ಹರಕೆಯಾಗಿ ಕೊಟ್ಟ ಮುಡಿ ವ್ಯಾಪಾರಕ್ಕೆ ಇಳಿಯುತ್ತದೆ. ಕೂದಲು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಬರುತ್ತದೆ. ಕೇಶಲೋಚವನ್ನು ಕಂಡ ಶ್ರಾವಕನಿಗೆ ಈ ಪ್ರಯಾಣ ಚುಚ್ಚದಿರದು. ದೇಹಮೋಹವನ್ನು ಬಿಟ್ಟ ಗುರುತು ಕೊನೆಗೆ ಪರಿಗ್ರಹದ ಕಾವಲಿಗೆ ನಿಂತಿತು! ಕಲಾವಿದೆ ಇದನ್ನು ಖಂಡಿಸುವುದಿಲ್ಲ, ಭಾರವನ್ನು ತೂಗಿ ತೋರಿಸುತ್ತಾರೆ ಅಷ್ಟೆ. ಮೃದುವಾದುದು ಉಕ್ಕನ್ನು ಹೊತ್ತಿದೆ. ಮುಡಿ ಕೊಟ್ಟವರ ಹೆಸರುಗಳು ಅಲ್ಲಿಲ್ಲವೆಂಬ ಆಕ್ಷೇಪ ಹುರುಳಿಲ್ಲದ್ದು. ತ್ಯಜಿಸಿದ ವಸ್ತುವಿಗೆ ಹೆಸರು ಅಂಟಿಸುವುದು ದಾನಿಗಳ ಶಿಲಾಫಲಕಗಳ ಚಾಳಿ.

ಇಂಥ ಕೃತಿಗಳನ್ನು ಅರಿಯಲು ಜೈನರು ಹೊರಗಿನ ಶಾಸ್ತ್ರವನ್ನು ಅರಸಬೇಕಿಲ್ಲ. ನಾಮ, ಸ್ಥಾಪನಾ, ದ್ರವ್ಯ, ಭಾವವೆಂಬ ನಾಲ್ಕು ನಿಕ್ಷೇಪಗಳಲ್ಲಿ ಸ್ಥಾಪನೆಗೆ ಎರಡು ಬಗೆ. ಪ್ರತಿಮೆಯಂತೆ ಆಕಾರ ಹೋಲುವುದು ತದಾಕಾರ. ಚದುರಂಗದ ಕಾಯಿಯನ್ನು ರಾಜನೆಂದು ಬಗೆಯುವಂತೆ ಆಕಾರ ಹೋಲದಿರುವುದು ಅತದಾಕಾರ. ಪೂಜೆಯಲ್ಲಿ ಅಕ್ಷತೆಯಿಂದ ಸ್ಥಾಪನೆ ಮಾಡುವವರಿಗೆ ಇದು ಹೊಸತಲ್ಲ. ಕಲಾಕೃತಿ ಪೂಜ್ಯವಲ್ಲ ನಿಜ, ಆದರೂ ಆಕಾರವಿಲ್ಲದೆ ಅರ್ಥ ನೆಲೆಗೊಳ್ಳುವ ಕ್ರಮ ಅದೇ.

ತೊಡಕಿರುವುದೂ ಇಲ್ಲಿಯೇ. ಅತದಾಕಾರ ಸ್ಥಾಪನೆ ಅದನ್ನು ಒಪ್ಪಿದ ಸಮುದಾಯದ ಸಂಕಲ್ಪದ ಮೇಲೆ ನಿಂತಿದೆ. 'ಬಿಹೋಲ್ಡ್' ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮುಡಿಯ ಹರಕೆಯನ್ನೂ ದೃಷ್ಟಿಯ ಭಯವನ್ನೂ ಅರಿಯದ ನೋಡುಗನಿಗೆ ಅದು ಕೇವಲ ಕಪ್ಪು ಹಗ್ಗದ ರಾಶಿ. ಗೋಡೆಯ ಮೇಲಿನ ಬರಹವೇ ಅರ್ಥ ಹೇಳಬೇಕಾಗುತ್ತದೆ. ಬಾಹುಬಲಿಯ ಮುಂದೆ ನಿಂತ ಪರದೇಶಿಗೆ ಅಷ್ಟರ ಮಟ್ಟಿಗೆ ಬರಹದ ಆಸರೆ ಬೇಕಾಗದು. ಅದನ್ನು ಪೂರ್ಣವಾಗಿ ಓದಬಲ್ಲವರು ಲಾರಿಯ ಬಂಪರಿಗೆ ಕಟ್ಟಿದ ಕಪ್ಪು ಹುರಿಯನ್ನು ದಿನವೂ ಕಂಡವರು. ಅವರಿಗೋ ಕೃತಿ ನೋಡಸಿಗದಷ್ಟು ದೂರದಲ್ಲಿದೆ.