ಲೋಕಸಭೆಯ ದಿನಚರಿ: ಒಂದು ವಿಮರ್ಶೆ

ರಾಜಕಾರಣವನ್ನು ಕುರಿತು ನಾವು ಓದುವುದೂ ಮಾತನಾಡುವುದೂ ಬಹಳ. ಆದರೆ ಆ ಓದು, ಆ ಮಾತು ಚುನಾವಣೆ, ಪಕ್ಷಾಂತರ, ಮಂತ್ರಿಮಂಡಲದ ಏಳುಬೀಳು ಇವುಗಳ ಸುತ್ತಲೇ ತಿರುಗುತ್ತವೆ. ಯಾವ ವಿಶೇಷವೂ ಇಲ್ಲದ ಒಂದು ದಿನ ದೇಶದ ಶಾಸನಸಭೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡುತ್ತದೆ, ಮಾಡಬೇಕಾದುದನ್ನು ಮಾಡುತ್ತಿದೆಯೇ ಎಂದು ವಿಚಾರಿಸುವವರು ವಿರಳ. ಗ್ರಂಥವೊಂದನ್ನು ವಿಮರ್ಶಿಸುವಾಗ ಅದರ ಗುಣವನ್ನೂ ದೋಷವನ್ನೂ ಸಮನಾಗಿ ತೂಗುವಂತೆ ಲೋಕಸಭೆಯ ನಿತ್ಯದ ಕಾರ್ಯಕಲಾಪವನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ. ನೀತಿವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ವಾಚಕರು ಕೇಳಬಹುದು. ಪರರ ಹಣವನ್ನು ಕೈಯಲ್ಲಿ ಹಿಡಿದವನು ಲೆಕ್ಕ ಒಪ್ಪಿಸಬೇಕು, ಆಡಿದ ಮಾತಿಗೆ ಹೊಣೆಯಾಗಬೇಕು ಎಂಬ ಎರಡು ಸಂಗತಿಗಳೇ ಈ ಕಾರ್ಯಕಲಾಪದ ತಿರುಳು. ಇವೆರಡೂ ಗೃಹಸ್ಥಧರ್ಮದ ಮೊದಲ ಪಾಠಗಳು.

ಮೊದಲು ದಿನದ ಸ್ವರೂಪವನ್ನು ನೋಡೋಣ. ಸದನ ಸೇರುವುದು ಬೆಳಿಗ್ಗೆ 11 ಗಂಟೆಗೆ. ಸದಸ್ಯರಾಗಿದ್ದವರು ಯಾರಾದರೂ ತೀರಿಕೊಂಡಿದ್ದರೆ ಸಂತಾಪಸೂಚನೆ. ಅನಂತರ ಮೊದಲ ಒಂದು ತಾಸು ಪ್ರಶ್ನೋತ್ತರ. ಒಂದು ದಿನದ ಪಟ್ಟಿಯಲ್ಲಿ ಬಾಯಿಮಾತಿನ ಉತ್ತರ ಬೇಡುವ ಚುಕ್ಕೆ ಗುರುತಿನ ಪ್ರಶ್ನೆಗಳು 20. ಬರಹದ ಉತ್ತರ ಬೇಡುವ, ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು 230ರವರೆಗೆ. ಇವಕ್ಕೆ ಕನಿಷ್ಠ 15 ದಿನ ಮುಂಚಿತವಾಗಿ ಸೂಚನೆ ಕೊಟ್ಟಿರಬೇಕು. 12 ಗಂಟೆಯ ಹೊತ್ತಿಗೆ ಸಚಿವರು ಕಾಗದಪತ್ರಗಳನ್ನು ಸದನದ ಮೇಜಿನ ಮೇಲೆ ಇಡುತ್ತಾರೆ. ನಿಗಮಗಳ ವಾರ್ಷಿಕ ವರದಿ, ಇಲಾಖೆಗಳ ಅಧಿಸೂಚನೆ, ಮಹಾಲೇಖಪಾಲರ ತಪಾಸಣಾ ವರದಿ ಮೊದಲಾದವು ಹೀಗೆ ಸದನದ ವಶಕ್ಕೆ ಬರುತ್ತವೆ. ಬಳಿಕ ರೂಢಿಯಿಂದ ಬಂದ ಶೂನ್ಯವೇಳೆ. ಊಟದ ಬಿಡುವಿನ ನಂತರ ವಿಧೇಯಕಗಳು, ಮುಂಗಡಪತ್ರದ ಚರ್ಚೆ, 377ನೆಯ ನಿಯಮದಡಿ ಸದಸ್ಯರು ತಮ್ಮ ಕ್ಷೇತ್ರದ ಸಂಗತಿಗಳನ್ನು ಮುಂದಿಡುವ ಅವಕಾಶ. ಶುಕ್ರವಾರದ ಕೊನೆಯ ಎರಡೂವರೆ ತಾಸು ಖಾಸಗಿ ಸದಸ್ಯರ ವಿಧೇಯಕ ಮತ್ತು ನಿರ್ಣಯಗಳಿಗೆ ಮೀಸಲು. ಸಂವಿಧಾನದ 100ನೆಯ ಅನುಚ್ಛೇದದ ಪ್ರಕಾರ ಸದಸ್ಯಸಂಖ್ಯೆಯ ಹತ್ತನೆಯ ಒಂದು ಪಾಲು, ಅಂದರೆ 55 ಮಂದಿ, ಹಾಜರಿದ್ದರೆ ಸಭೆ ನಡೆಯಬಹುದು.

ವ್ಯಾಪಾರದಲ್ಲಿ ಆಯುಷ್ಯ ಕಳೆದವರಿಗೆ ಈ ಏರ್ಪಾಡು ಅಪರಿಚಿತವೆನಿಸದು. ಅಂಗಡಿಯ ಕಿರ್ದಿಯಲ್ಲಿ ಆಯಾ ದಿನದ ಜಮಾ-ಖರ್ಚು ಆಯಾ ದಿನವೇ ಬೀಳಬೇಕು. ಸಂಜೆ ಶಿಲ್ಕು ತಾಳೆಯಾಗಬೇಕು. ಕಿರ್ದಿ ಓದಲು ರುಚಿಯಾದ ಪುಸ್ತಕವಲ್ಲ. ಆದರೆ ಅದು ಸರಿಯಿಲ್ಲದಿದ್ದರೆ ವರ್ಷಾಂತ್ಯದ ಅಢಾವೆ ಪತ್ರಿಕೆಗೆ ಬೆಲೆಯಿಲ್ಲ. ಚುನಾವಣೆಯು ಐದು ವರ್ಷಕ್ಕೊಮ್ಮೆ ಹಾಕುವ ಅಢಾವೆಯಾದರೆ, ಪ್ರಶ್ನೋತ್ತರವೂ ಕಾಗದಪತ್ರ ಮಂಡನೆಯೂ ನಿತ್ಯದ ಕಿರ್ದಿಯ ಕೆಲಸ ಮಾಡುತ್ತವೆ.

ಈ ಏರ್ಪಾಡಿನ ಗುಣಕ್ಕೆ ಒಂದು ಹಳೆಯ ನಿದರ್ಶನ ಸಾಕು. ಜೀವವಿಮಾ ನಿಗಮವು ಹರಿದಾಸ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಶೇರುಗಳಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ತೊಡಗಿಸಿದ ಬಗ್ಗೆ 1957ರ ಸೆಪ್ಟೆಂಬರಿನಲ್ಲಿ ಡಾ. ರಾಮಸುಭಗ ಸಿಂಗರು ಲೋಕಸಭೆಯಲ್ಲಿ ಪ್ರಶ್ನೆ ಕೇಳಿದರು. ಸರಕಾರದ ಉತ್ತರ ಸಮಾಧಾನ ತರಲಿಲ್ಲ. ಡಿಸೆಂಬರಿನಲ್ಲಿ ಫಿರೋಜ ಗಾಂಧಿಯವರು ಅದೇ ವಿಷಯವನ್ನು ಚರ್ಚೆಗೆ ತಂದರು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು; 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಡಬೇಕಾಯಿತು. ಪಾಲಿಸಿದಾರರ ಹಣದ ಲೆಕ್ಕ ಕೇಳಿದ ಈ ಇಬ್ಬರೂ ಸದಸ್ಯರು ಆಳುವ ಪಕ್ಷದವರೇ ಆಗಿದ್ದರೆಂಬುದು ಗಮನಾರ್ಹ. ತಮ್ಮವರೆಂದು ಅವರು ಸುಮ್ಮನಿರಲಿಲ್ಲ. ಸಭೆ ಆ ದಿನ ನಿಂತದ್ದು ಪಕ್ಷದ ಬಲದ ಮೇಲಲ್ಲ, ಪ್ರಶ್ನೆಯ ನ್ಯಾಯದ ಮೇಲೆ.

ಕನ್ನಡಿಗರಿಗೆ ಇನ್ನೊಂದು ಸ್ಮರಣೀಯ ಸಂಗತಿಯುಂಟು. ಸಂಸತ್ತಿನ ಕಾರ್ಯಭಾಷೆ ಹಿಂದಿ ಅಥವಾ ಇಂಗ್ಲಿಷ್ ಎಂದು 120ನೆಯ ಅನುಚ್ಛೇದ ಹೇಳುತ್ತದೆ. ಅವೆರಡರಲ್ಲೂ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದೂ ಹೇಳುತ್ತದೆ. 1967ರಲ್ಲಿ ಶಿವಮೊಗ್ಗೆಯಿಂದ ಆರಿಸಿ ಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು. ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರು ಅದಕ್ಕೆ ಅವಕಾಶವಿತ್ತರು. ಹಳ್ಳಿಯ ಮಾತು ತನ್ನ ರೂಪದಲ್ಲೇ ದಿಲ್ಲಿಯ ಸದನವನ್ನು ಪ್ರವೇಶಿಸಬಹುದೆಂದು ಅಂದು ಸ್ಥಾಪಿತವಾಯಿತು. ಇವು ಏರ್ಪಾಡಿನ ಗುಣಗಳು.

ಅದರ ಅತ್ಯುತ್ತಮ ಗುಣವೆಂದು ನಾನು ಭಾವಿಸುವುದು ಮಾತ್ರ ಹೆಚ್ಚಿನವರ ಕಣ್ಣಿಗೆ ಬೀಳದು. ಸಚಿವರು ಉತ್ತರ ಕೊಡುವಾಗ ವಿಷಯ ಪರಿಶೀಲನೆಯಲ್ಲಿದೆ, ವಿಚಾರಿಸಿ ನೋಡುತ್ತೇನೆ, ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು ಎಂದು ಹೇಳುವುದುಂಟು. ಇವು ತಪ್ಪಿಸಿಕೊಳ್ಳುವ ಮಾತುಗಳೆಂದು ನಾವು ನಗುತ್ತೇವೆ. ಸದನ ಹಾಗೆ ನಗುವುದಿಲ್ಲ. ಇಂಥ ನುಡಿಗಟ್ಟುಗಳ ಒಂದು ಪಟ್ಟಿಯೇ ಇದೆ. ಅವುಗಳಲ್ಲಿ ಒಂದನ್ನು ಆಡಿದರೂ ಅದು ಭರವಸೆಯೆಂದು ದಾಖಲಾಗುತ್ತದೆ. ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು. ಈಡೇರಿತೇ ಇಲ್ಲವೇ ಎಂದು ನೋಡಲು 1953ರ ಡಿಸೆಂಬರಿನಿಂದ ಸರಕಾರಿ ಭರವಸೆಗಳ ಸಮಿತಿ ಎಂಬ 15 ಸದಸ್ಯರ ಸಮಿತಿಯಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಸಚಿವರ ಮಾತು ಮೂರು ತಿಂಗಳ ವಾಯಿದೆಯ ಹುಂಡಿ. ಸಮಿತಿ ಅದರ ವಸೂಲಿಗೆ ಕುಳಿತ ಗುಮಾಸ್ತ. ಸತ್ಯಾಣುವ್ರತದ ವ್ಯಾವಹಾರಿಕ ರೂಪವನ್ನು ಇದಕ್ಕಿಂತ ಚೆನ್ನಾಗಿ ಕಾನೂನಿನಲ್ಲಿ ಅಳವಡಿಸುವುದು ಕಷ್ಟ.

ಇನ್ನು ದೋಷಗಳು. ಹುಂಡಿಯಿಂದಲೇ ಪ್ರಾರಂಭಿಸೋಣ. ವಾಯಿದೆ ಮುಗಿದಾಗ ಇಲಾಖೆ ಕಾಲಾವಕಾಶ ಕೇಳಬಹುದು, ಮತ್ತೆ ಕೇಳಬಹುದು, ಕೊನೆಗೆ ಭರವಸೆಯನ್ನೇ ಕೈಬಿಡಬೇಕೆಂದು ಕೋರಬಹುದು. ಬಾರದ ಬಾಕಿ ಪ್ರತಿಯೊಂದು ವ್ಯವಹಾರದಲ್ಲೂ ಇರುತ್ತದೆಂಬುದನ್ನು ಒಪ್ಪಬೇಕು. ಆದರೆ ಕಾಲಾವಕಾಶದ ಮೇಲೆ ಕಾಲಾವಕಾಶ ಪಡೆಯುವ ಸಾಲಗಾರನಿಗೆ ಪೇಟೆಯಲ್ಲಿ ಪತ್ತು ಉಳಿಯುವುದಿಲ್ಲ. ಸರಕಾರದ ಪತ್ತು ಮಾತ್ರ ಉಳಿಯುತ್ತದೆ, ಏಕೆಂದರೆ ಸಮಿತಿಯ ವರದಿಯನ್ನು ನಾವಾರೂ ಓದುವುದಿಲ್ಲ.

ಎರಡನೆಯ ದೋಷ ಇದಕ್ಕಿಂತ ಗಂಭೀರ. ಕಷ್ಟಕಾಲ ಬಂದಾಗಲೆಲ್ಲ ಸದನ ಮೊದಲು ಬಿಟ್ಟುಕೊಟ್ಟದ್ದು ಪ್ರಶ್ನೋತ್ತರವನ್ನು. 1962ರ ಚೀನಾ ಯುದ್ಧದ ಕಾಲದಲ್ಲಿ ಹಾಗಾಯಿತು. ಆಗ ಯುದ್ಧದ ಬಗ್ಗೆಯೇ ದೀರ್ಘ ಚರ್ಚೆ ನಡೆದು ನೂರಕ್ಕೂ ಹೆಚ್ಚು ಸದಸ್ಯರು ಮಾತನಾಡಿದರೆಂಬುದು ಸಮಾಧಾನದ ಸಂಗತಿ. 1975ರ ಜುಲೈಯಲ್ಲಿ, ತುರ್ತುಪರಿಸ್ಥಿತಿ ಘೋಷಣೆಯಾದ ಮೇಲೆ ಸೇರಿದ ಅಧಿವೇಶನದಲ್ಲಿ, ಉಭಯ ಸದನಗಳಲ್ಲೂ ಪ್ರಶ್ನೋತ್ತರ ನಿಂತಿತು. ಆ ವೇಳೆ ರಾಜ್ಯಸಭೆಯ ಸಭಾಪತಿ ಪೀಠದಲ್ಲಿದ್ದವರು ನಮ್ಮ ಜಮಖಂಡಿ ತಾಲೂಕಿನ ಸಾವಳಗಿಯವರಾದ, 1974ರಲ್ಲಿ ಉಪರಾಷ್ಟ್ರಪತಿಗಳಾದ ಬಿ. ಡಿ. ಜತ್ತಿಯವರು. ಈ ಭಾಗದ ಜನ ಅವರ ಹೆಸರನ್ನು ಅಭಿಮಾನದಿಂದ ಹೇಳುವುದು ಸಹಜ. ಅಂದಿನ ನಡವಳಿಯನ್ನು ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವೂ ಅಲ್ಲ. ಸರಕಾರ ತಂದ ಸೂಚನೆಯನ್ನು ಸದನ ಬಹುಮತದಿಂದ ಒಪ್ಪಿತ್ತು. ಆದರೆ ಪೀಠದ ಗೌರವ ಉಳಿದಿದ್ದೂ ಪೀಠದ ಮುಂದೆ ಪ್ರಶ್ನೆ ಉಳಿಯಲಿಲ್ಲ ಎಂಬ ಸತ್ಯವನ್ನು ಅಭಿಮಾನಕ್ಕಾಗಿ ಮರೆಯಬಾರದು. 2020ರ ಸೆಪ್ಟೆಂಬರಿನಲ್ಲಿ ಕೊರೋನಾ ಕಾರಣದಿಂದ ಪ್ರಶ್ನೋತ್ತರ ವೇಳೆ ಮತ್ತೊಮ್ಮೆ ರದ್ದಾಯಿತು. ಬರಹದ ಉತ್ತರಗಳನ್ನು ಮಾತ್ರ ಉಳಿಸಲಾಯಿತು. ಬೆಂಕಿ ಬಿದ್ದ ದಿನ, ನಷ್ಟವಾದ ದಿನ ಕಿರ್ದಿ ಬರೆಯುವುದಿಲ್ಲವೆಂದು ಯಾವ ವ್ಯಾಪಾರಿಯಾದರೂ ಹೇಳಿದರೆ ಪಾಲುಗಾರರು ಒಪ್ಪುವರೇ? ಆ ದಿನದ ಕಿರ್ದಿಯೇ ಮುಂದೆ ಹೆಚ್ಚು ಬೇಕಾಗುವುದು.

ಮೂರನೆಯದು ಗದ್ದಲ ಮತ್ತು ಅದರ ಬೆನ್ನಿಗೆ ಬರುವ ಗಿಲೋಟಿನ್. ಚರ್ಚೆಗೆ ಗೊತ್ತುಪಡಿಸಿದ ಸಮಯ ತೀರಿದಾಗ ಇಲಾಖೆಗಳ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ ಕ್ರಮಕ್ಕೆ ಈ ಹೆಸರು. ಎಲ್ಲ ಇಲಾಖೆಗಳನ್ನೂ ಚರ್ಚಿಸಲು ಕಾಲ ಸಾಲದೆಂಬುದು ನಿಜ. ಆದ್ದರಿಂದ ಕ್ರಮ ಅಗತ್ಯವೇ. ಆದರೆ 2018ರ ಮಾರ್ಚಿಯಲ್ಲಿಯೂ 2023ರ ಮಾರ್ಚಿಯಲ್ಲಿಯೂ ಒಂದೇ ಒಂದು ಇಲಾಖೆಯ ಬೇಡಿಕೆಯೂ ಚರ್ಚೆಯಾಗದೆ, ಗದ್ದಲದ ನಡುವೆ, ದೇಶದ ಇಡೀ ವರ್ಷದ ಖರ್ಚು ಮಂಜೂರಾಯಿತು. ಇದರ ಹೊಣೆಯನ್ನು ಒಂದೇ ಪಕ್ಷಕ್ಕೆ ಹಚ್ಚಲಾಗದು. 2010ರ ಚಳಿಗಾಲದ ಅಧಿವೇಶನ ಅಂದಿನ ವಿರೋಧಪಕ್ಷಗಳ ಧರಣಿಯಿಂದ ಹೆಚ್ಚುಕಡಿಮೆ ಪೂರ್ತಿ ವ್ಯರ್ಥವಾಗಿತ್ತು. ಅಂದು ತಡೆದವರು ಮುಂದೆ ಆಳುವ ಸಾಲಿಗೆ ಬಂದರು. ಅಂದು ಆಳುತ್ತಿದ್ದವರು ಮುಂದೆ ತಡೆಯಲು ನಿಂತರು. ಗದ್ದಲದಿಂದ ಸರಕಾರಕ್ಕೆ ತೊಂದರೆಯೆಂದು ತಿಳಿಯುವುದು ಭ್ರಮೆ. ಉತ್ತರ ಕೊಡುವ ಕಷ್ಟ ಅದಕ್ಕೆ ತಪ್ಪುತ್ತದೆ. 2023ರ ಡಿಸೆಂಬರಿನಲ್ಲಿ ಉಭಯ ಸದನಗಳ 146 ಸದಸ್ಯರು ಅಮಾನತಾದಾಗ ಅವರ ಹೆಸರಿನ ಪ್ರಶ್ನೆಗಳನ್ನೂ ಪಟ್ಟಿಯಿಂದ ತೆಗೆಯಲಾಯಿತು. ಸದಸ್ಯನ ವರ್ತನೆ ದಂಡನೆಗೆ ಅರ್ಹವೇ ಎಂಬುದು ಬೇರೆ ಮಾತು. ಅವನು ಕೇಳಿದ ಪ್ರಶ್ನೆ ಅವನ ಕ್ಷೇತ್ರದ ಜನರದು. ಅವರೇನು ತಪ್ಪು ಮಾಡಿದ್ದರು?

ನಾಲ್ಕನೆಯ ದೋಷವನ್ನು ಹೇಳುವಾಗ ವ್ಯಾಪಾರಿ ಸಮಾಜ ತಲೆ ತಗ್ಗಿಸಬೇಕು. 2005ರ ಡಿಸೆಂಬರಿನಲ್ಲಿ ಹಣ ಪಡೆದು ಪ್ರಶ್ನೆ ಕೇಳಿದ 11 ಸದಸ್ಯರನ್ನು ಸಂಸತ್ತು ಹೊರಹಾಕಿತು. ಅದು ಹೊಸ ರೋಗವಲ್ಲ. 1951ರಲ್ಲಿಯೇ, ಮೊದಲ ಚುನಾವಣೆ ನಡೆಯುವ ಮುನ್ನವೇ, ಎಚ್. ಜಿ. ಮುದ್ಗಲ್ ಎಂಬ ಸದಸ್ಯರು ಇದೇ ಆರೋಪಕ್ಕೆ ಗುರಿಯಾಗಿ ಸ್ಥಾನ ಕಳೆದುಕೊಂಡರು. ಅವರಿಂದ ಪ್ರಶ್ನೆ ಕೇಳಿಸಲು ಹಣ ಕೊಟ್ಟದ್ದು ಮುಂಬಯಿಯ ಚಿನ್ನಬೆಳ್ಳಿ ವರ್ತಕರ ಸಂಘ. ಮಾರಿದವನ ಹೆಸರು ಇತಿಹಾಸದಲ್ಲಿ ಉಳಿಯಿತು; ಕೊಂಡವರನ್ನು ಯಾರೂ ನೆನೆಯುವುದಿಲ್ಲ. ನಮ್ಮ ಶಾಸ್ತ್ರಕಾರರು ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸಿದ್ದಾರೆ: ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿ ಸುಮ್ಮನಿದ್ದದ್ದು. ಈ ಲೆಕ್ಕದಲ್ಲಿ ಕೊಂಡವನೂ ಕಂಡು ಸುಮ್ಮನಿದ್ದವನೂ ಪಾರಾಗಲಾರರು.

ಇದೆಲ್ಲ ದಿಲ್ಲಿಯ ಸಂಗತಿ, ಕೃಷ್ಣೆಯ ದಂಡೆಯ ತುಬಚಿಯಂಥ ಊರಿಗೇನು ಎನ್ನುವವರಿಗಾಗಿ ಒಂದು ಉದಾಹರಣೆ. ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರ ಡಿಸೆಂಬರ್ 30ರಂದು ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ತೀರ್ಪು ಜಾರಿಗೆ ಬರಬೇಕಾದರೆ 1956ರ ಅಂತರರಾಜ್ಯ ಜಲವಿವಾದ ಕಾಯಿದೆಯಂತೆ ಕೇಂದ್ರ ಸರಕಾರ ಅದನ್ನು ರಾಜಪತ್ರದಲ್ಲಿ ಪ್ರಕಟಿಸಬೇಕು. 2011ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಪ್ರಕಟಣೆಗೆ ತಡೆ ನೀಡಿತು. ಅನಂತರ ಒಂದು ದಶಕಕ್ಕೂ ಮೀರಿ ಅದು ಪ್ರಕಟವಾಗದೆ ಉಳಿಯಿತು. ಈ ಅವಧಿಯಲ್ಲಿ ಹೊಲ ಮುಳುಗುವುದೋ ಉಳಿಯುವುದೋ ತಿಳಿಯದೆ ಬಾಗಲಕೋಟೆ ಜಿಲ್ಲೆಯ ಎಷ್ಟೋ ಕುಟುಂಬಗಳು ಬಾವಿ ತೋಡಿಸಲೂ ಮನೆ ಕಟ್ಟಲೂ ಅನುಮಾನಿಸಿದವು.

ಇಂಥ ವಿಷಯವನ್ನು ಸದನಕ್ಕೆ ತರುವ ದಾರಿ ಯಾವುದು? ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯ ಪ್ರಶ್ನೆಯಾಗಲಾರದು. ಭಾರತ ಸರಕಾರದ ಹೊಣೆಗೆ ಮುಖ್ಯವಾಗಿ ಸೇರದ ವಿಷಯವೂ ಆಗಲಾರದು. ನಮ್ಮ ಊರಿನ ಹೆಸರನ್ನೇ ಹೊತ್ತ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆ ರಾಜ್ಯದ ಕೆಲಸವಾದ್ದರಿಂದ ಅದರ ಕಾಲುವೆಯ ದುರಸ್ತಿಯನ್ನು ಲೋಕಸಭೆಯಲ್ಲಿ ಕೇಳಿ ಫಲವಿಲ್ಲ; ಅದಕ್ಕೆ ವಿಧಾನಸಭೆಯಿದೆ. ಆದರೆ ತಡೆಯನ್ನು ತೆರವುಗೊಳಿಸಲು ಕೇಂದ್ರ ಕೈಗೊಂಡ ಕ್ರಮವೇನು, ಯಾವ ದಿನಾಂಕದಂದು, ಎಷ್ಟು ಸಲ ಎಂದು ಬರಹದ ಉತ್ತರ ಕೇಳುವ ಪ್ರಯತ್ನ ಮಾಡಬಹುದು. ಅದಕ್ಕೆ ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂಬ ಉತ್ತರ ಬಂದರೂ ಅದೊಂದು ಹುಂಡಿ. ಶೂನ್ಯವೇಳೆಯಲ್ಲಿ ಎತ್ತರದ ದನಿಯಲ್ಲಿ ಆಡಿದ ಮಾತು ಮರುದಿನದ ಪತ್ರಿಕೆಯೊಂದಿಗೆ ಮುಗಿಯುತ್ತದೆ. ಕಾಗದದಲ್ಲಿ ಬಿದ್ದ ಉತ್ತರ ಮುಂದಿನ ಅಧಿವೇಶನದಲ್ಲಿಯೂ ಸಾಕ್ಷಿಯಾಗಿ ನಿಲ್ಲುತ್ತದೆ. ನಮ್ಮ ಪ್ರತಿನಿಧಿಗಳು ದೊಡ್ಡ ಭಾಷಣ ಮಾಡಲಿಲ್ಲವೆಂದು ದೂರುವ ನಾವು, ಅವರು ಕೇಳಿದ ಪ್ರಶ್ನೆಗಳೆಷ್ಟು, ಅವುಗಳಲ್ಲಿ ಹೊಳೆಗೆ ಸಂಬಂಧಿಸಿದವೆಷ್ಟು ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಒಟ್ಟಿನಲ್ಲಿ ಏರ್ಪಾಡು ಒಳ್ಳೆಯದು, ನಡೆಸುವ ರೀತಿ ಸಡಿಲವಾಗಿದೆ, ಸಡಿಲವಾಗಲು ಕಾರಣ ಕೇಳುವವರಿಲ್ಲದಿರುವುದು. ಈ ಮಾತು ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಅನ್ವಯಿಸುತ್ತದೆಂಬುದನ್ನು ವಿನಯದಿಂದ ಸೂಚಿಸುತ್ತೇನೆ. ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಗಳು ಜಮಾ-ಖರ್ಚನ್ನು ಓದಿ ಮುಗಿಸುವ ಮುನ್ನವೇ ಮಂಜೂರು ಎಂಬ ದನಿ ಕೇಳಿಬರುವುದು ಹಲವು ಊರುಗಳ ರೂಢಿ. ಪ್ರಶ್ನೆ ಕೇಳಿದವನನ್ನು ಸಂಶಯಪಿಶಾಚಿಯೆಂದು ನೋಡುವುದೂ ಉಂಟು. ಕಳೆದ ವರ್ಷ ಸಭೆಗೆ ಕೊಟ್ಟ ಮಾತುಗಳಾವುವು, ಈಡೇರಿದವೆಷ್ಟು ಎಂಬ ಒಂದು ಪುಟದ ಪಟ್ಟಿಯನ್ನು ಲೆಕ್ಕಪತ್ರದ ಜೊತೆಗೆ ಓದುವ ಪದ್ಧತಿಯನ್ನು ಪ್ರತಿಯೊಂದು ಮಂಡಳಿಯೂ ಪ್ರಾರಂಭಿಸಬಹುದು. ಲೋಕಸಭೆಯಿಂದ ನಾವು ಪಡೆಯಬಹುದಾದ ಒಳ್ಳೆಯ ಪದ್ಧತಿ ಅದು. ಅದನ್ನು ನಮ್ಮ ಸಭೆಗಳಲ್ಲಿ ಅಭ್ಯಾಸ ಮಾಡಿಕೊಂಡವರು ದಿಲ್ಲಿಯ ಸಭೆಯಿಂದಲೂ ಲೆಕ್ಕ ಕೇಳಲು ಹಿಂಜರಿಯಲಾರರು.