ರೋಗಕ್ಕೆಂದೇ ಹುಟ್ಟಿಸಿದ ಮಂಗಗಳು

ಮುಂಡರಗಿ, ಲಕ್ಷ್ಮೇಶ್ವರದ ಎರೆಹೊಲಗಳಲ್ಲಿ ವಂಶವಾಹಿ ತಿದ್ದುವ ಮಾತು ಹೊಸದಲ್ಲ. 2002ರಲ್ಲಿ ದೇಶದೊಳಗೆ ಬಂದ ಬಿಟಿ ಹತ್ತಿಯನ್ನು ರೈತರು ಅಳೆದದ್ದು ಎರಡೇ ಪ್ರಶ್ನೆಯಿಂದ: ಹುಳ ಸತ್ತಿತೇ, ಎಣ್ಣೆ ಹೊಡೆಯುವ ಖರ್ಚು ಇಳಿಯಿತೇ? ಗುಲಾಬಿ ಕಾಯಿಕೊರಕ ಮತ್ತೆ ಮೇಲುಗೈ ಪಡೆದಾಗ ಬೀಜದ ಹೊಗಳಿಕೆಯೂ ತಗ್ಗಿತು. ವಂಶವಾಹಿ ತಿದ್ದಿದ ಮಂಗಗಳ ಸಂಶೋಧನೆಯನ್ನೂ ಇಷ್ಟೇ ನೇರವಾಗಿ ಕೇಳಬೇಕು.

2001ರಲ್ಲಿ ಅಮೆರಿಕದ ಒರೆಗಾನ್‌ನ ವಿಜ್ಞಾನಿಗಳು ಲೋಕಕ್ಕೆ ತೋರಿಸಿದ ಆಂಡಿ ಇಂಥ ಮೊದಲ ಮಂಗ. 224 ಅಂಡಗಳಿಂದ ಶುರುವಾದ ಕೆಲಸದಲ್ಲಿ ಹುಟ್ಟಿದ ಜೀವಂತ ಮರಿಗಳು ಮೂರು. ಜೆಲ್ಲಿಮೀನಿನ ವಂಶವಾಹಿ ನೆಲೆಸಿದ್ದು ಆಂಡಿಯಲ್ಲಿ ಮಾತ್ರ. 2008ರಲ್ಲಿ ಹಂಟಿಂಗ್‌ಟನ್ ಕಾಯಿಲೆಯ ವಂಶವಾಹಿ ಹೊತ್ತ ಮರಿಗಳು ಹುಟ್ಟಿದವು, ಕೆಲವು ಬೇಗನೇ ಸತ್ತವು. ಸಂಕಟದ ಸಂಗತಿಯೇ. ಆದರೂ ಆ ಪ್ರಯತ್ನಕ್ಕೆ ಸಮರ್ಥನೆ ಉಂಟು: ಆ ಕಾಯಿಲೆಗೆ ಮನುಷ್ಯರಲ್ಲಿ ಕಾರಣ ಒಂದೇ ವಂಶವಾಹಿ, ಅದು ಖಚಿತ.

ನನ್ನ ತಕರಾರಿರುವುದು 2019ರ ಶಾಂಘೈ ಪ್ರಯೋಗದ ಬಗ್ಗೆ. ದೇಹದ ಹಗಲು-ರಾತ್ರಿಯ ಗಡಿಯಾರ ನಡೆಸುವ ಬಿಮಾಲ್-1 ವಂಶವಾಹಿಯನ್ನು ಕೆಡಿಸಿದ ಮಂಗಗಳು ಕತ್ತಲಲ್ಲೂ ಓಡಾಡಿದವು. ನಿದ್ದೆ ಕುಗ್ಗಿತು, ರಕ್ತದ ಹಾರ್ಮೋನುಗಳ ಲಯ ತಪ್ಪಿತು, ಆತಂಕ ಹೆಚ್ಚಿತು. ಅಂಥದೊಂದು ಮಂಗನ ಜೀವಕೋಶದಿಂದ ಐದು ತದ್ರೂಪಿ ಮರಿಗಳನ್ನು ಪಡೆದರು. 325 ಭ್ರೂಣ, 65 ಬಾಡಿಗೆ ತಾಯಂದಿರು, 16 ಗರ್ಭ, ಐದು ಮರಿ. ನಿದ್ದೆಗೆಟ್ಟ ಮಂಗನ ವರ್ತನೆಯನ್ನು ಸ್ಕಿಜೋಫ್ರೇನಿಯಾಕ್ಕೆ ಹೋಲಿಸಿದ್ದು ಪುರಾವೆಯನ್ನು ಮೀರಿದ ಮಾತು. ಆ ಕಾಯಿಲೆಯ ಹಿಂದೆ ನೂರಾರು ವಂಶವಾಹಿಗಳು, ಬಾಳಿನ ಏರಿಳಿತಗಳು ಕೂಡಿರುತ್ತವೆ. ಐದೂ ಮರಿಗಳು ಒಂದೇ ಅಚ್ಚಿನವಾದರೆ ಹೋಲಿಕೆ ಸಲೀಸು, ನಿಜ. ರೋಗಿಗಳು ಮಾತ್ರ ಒಂದೇ ಅಚ್ಚಿನವರಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಸಂಗಡಿಗರು ನಮ್ಮ ನಾಡಿನ ಬಾನೆಟ್ ಮಂಗಗಳ ಮೇಲೆ ನಡೆಸಿದ ಕೆಲಸ ಬೇರೆ ಬಗೆಯದು. ಕುರಿಯ ಎಫ್‌ಎಸ್‌ಎಚ್ ಹಾರ್ಮೋನನ್ನು ಲಸಿಕೆಯಾಗಿ ಕೊಟ್ಟರೆ ಗಂಡಿನ ಫಲವತ್ತತೆ ತಗ್ಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಅದನ್ನು ಮುಂದೆ ಗಂಡು ಸ್ವಯಂಸೇವಕರಲ್ಲೂ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು. ಅಲ್ಲೂ ಪಂಜರವಿತ್ತು, ಸೂಜಿಯಿತ್ತು. ಆದರೆ ಯಾವ ಮರಿಯೂ ರೋಗ ಹೊತ್ತೇ ಹುಟ್ಟಬೇಕಾಗಿರಲಿಲ್ಲ.

1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ರೀಸಸ್ ಮಂಗಗಳ ರಫ್ತು ನಿಲ್ಲಿಸಿದ ದೇಶ ನಮ್ಮದು. ಇಲ್ಲಿನ ಯಾವುದಾದರೂ ಪ್ರಯೋಗಾಲಯ ಇಂಥ ಮರಿಗಳನ್ನು ಹುಟ್ಟಿಸಲು ಅನುಮತಿ ಕೇಳಿದರೆ, ಯಾವ ರೋಗಕ್ಕೆ, ಯಾವ ಪುರಾವೆಯ ಮೇಲೆ ಎಂಬುದನ್ನು ಮೊದಲು ಹೇಳಲಿ. ಮರಿಯಾಗದೆ ಹೋದ ಗರ್ಭಗಳ ಲೆಕ್ಕವನ್ನೂ ಅದೇ ಅರ್ಜಿಯಲ್ಲಿ ಬರೆಯಲಿ.