ತಲುಪದ ಪಾರ್ಸೆಲ್‌ಗೆ ಯಾರು ಹೊಣೆ?

ಆನ್‌ಲೈನ್‌ನಲ್ಲಿ ಸಣ್ಣ ವ್ಯಾಪಾರ ಮಾಡುವವರ ಮೊಬೈಲಿಗೆ ಇಂದಲ್ಲ ನಾಳೆ ಬಂದೇ ಬರುವ ಸಂದೇಶ ಒಂದಿದೆ: ‘ಮೇಡಂ, ನನ್ನ ಪಾರ್ಸೆಲ್ ಇನ್ನೂ ಬಂದಿಲ್ಲ.’ ಅದಕ್ಕೆ ಹೋಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟು, ಅದರ ಕೆಳಗೆ ‘ಡೆಲಿವರ್ಡ್ ಅಂತ ತೋರಿಸ್ತಿದೆ, ಕೊರಿಯರ್‌ನವರನ್ನ ಕೇಳಿ’ ಎಂಬ ಒಂದು ಸಾಲು. ಇನ್‌ಸ್ಟಾಗ್ರಾಮಿನಲ್ಲಿ ಇಳಕಲ್ ಸೀರೆ ಮಾರುವವರು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗುಳೇದಗುಡ್ಡದ ಖಣ ಮಾರುವವರು, ಹಳೆಯ ಪುಸ್ತಕ ಕಳಿಸುವವರು, ಉಪ್ಪಿನಕಾಯಿ, ಚಟ್ನಿಪುಡಿ ಕಳಿಸುವವರು, ಬಹಳ ಮಂದಿಗೆ ಈ ಉತ್ತರವೇ ರೂಢಿಯಾಗಿಬಿಟ್ಟಿದೆ. ಈ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾರುವವರ ಕಷ್ಟ ಗೊತ್ತಿದ್ದೇ ಹೇಳುತ್ತಿದ್ದೇನೆ. ಒಂದು ಸೀರೆ ದಾರಿಯಲ್ಲಿ ಕಳೆದುಹೋದರೆ ನಾಲ್ಕಾರು ಸೀರೆಯ ಲಾಭ ಅದರ ಜೊತೆಗೇ ಹೋಗುತ್ತದೆ. ಆದರೂ ಕೊಂಡವರನ್ನು ಕೊರಿಯರ್ ಆಫೀಸಿಗೆ ಅಟ್ಟುವುದು ನ್ಯಾಯವಲ್ಲ.

ಕಾರಣ ಸರಳ. ಕೊರಿಯರ್‌ಗೆ ದುಡ್ಡು ಕಟ್ಟಿದ್ದು ಮಾರಿದವರು. ರಸೀದಿ ಇರುವುದು ಅವರ ಹೆಸರಿನಲ್ಲಿ. ಯಾವ ಕೊರಿಯರ್, ಯಾವ ದರ, ವಿಮೆ ಬೇಕೋ ಬೇಡವೋ ಎಂದು ತೀರ್ಮಾನಿಸಿದ್ದೂ ಅವರೇ. ಕೊಂಡವರು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅಲ್ಲಿ ಸಿಗುವ ಉತ್ತರ ‘ಸೆಂಡರ್ ಕಡೆಯಿಂದ ಕಂಪ್ಲೇಂಟ್ ಬರಬೇಕು ಸರ್’ ಎಂದು. ಅಂದರೆ ವಿಚಾರಿಸುವ ಅಧಿಕಾರ ಇರುವವರು ವಿಚಾರಿಸುವುದಿಲ್ಲ, ವಿಚಾರಿಸಲು ಹೊರಟವರಿಗೆ ಅಧಿಕಾರ ಇಲ್ಲ. ಕಳೆದ ಪಾರ್ಸೆಲ್‌ಗಳಲ್ಲಿ ಎಷ್ಟೋ ಈ ಎರಡರ ನಡುವೆಯೇ ಶಾಶ್ವತವಾಗಿ ಕಳೆದುಹೋಗುತ್ತವೆ. ಮೊದಲ ಎರಡು ದಿನ ವಿತರಣಾ ಕೇಂದ್ರದಲ್ಲೇ ಕುಳಿತಿದ್ದ ಪೊಟ್ಟಣ ಆಮೇಲೆ ಎಲ್ಲಿ ಹೋಯಿತೆಂದು ಯಾರಿಗೂ ನೆನಪಿರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಎರಡು ಕಾಲದ ಮಾತಾಡುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ, ಮಾರಿದವರು ಸರಕನ್ನು ಸಾಗಣೆದಾರರ ಕೈಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಅದು ಕೊಂಡವರಿಗೇ ಒಪ್ಪಿಸಿದ ಹಾಗೆ. ಮಂಡಿ ವರ್ತಕರು ರೈಲ್ವೆ ರಸೀದಿಯ ಮೇಲೆ ಮೂಟೆ ಕಳಿಸುತ್ತಿದ್ದ ಕಾಲಕ್ಕೆ ಅದು ಸರಿಯಾದ ನಿಯಮ. ಅಲ್ಲಿ ಇಬ್ಬರೂ ವ್ಯಾಪಾರಸ್ಥರು, ಇಬ್ಬರಿಗೂ ಸಾಗಣೆಯ ಒಳಹೊರಗು ಗೊತ್ತು. ಆ ಕಲಮಿನಲ್ಲೂ ಒಂದು ಷರತ್ತು ಇದೆ: ಸಾಗಣೆದಾರರ ಜೊತೆ ಸರಕಿನ ಸ್ವರೂಪಕ್ಕೆ ತಕ್ಕ ಒಪ್ಪಂದ ಮಾಡಿಕೊಳ್ಳುವುದು ಮಾರಿದವರ ಜವಾಬ್ದಾರಿ, ಅದನ್ನು ಮಾಡದಿದ್ದರೆ ನಷ್ಟಕ್ಕೆ ಅವರನ್ನೇ ಹೊಣೆ ಮಾಡಬಹುದು. ಇನ್ನು 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಈಗಿನ ಕಾಲದವು. ದೂರು ಬಂದ 48 ಗಂಟೆಯೊಳಗೆ ಅದು ಸಿಕ್ಕಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೇಳಿದ ಗಡುವು ಮೀರಿ ಬಂದ ಸರಕಿಗೂ, ಕೈಮೀರಿದ ಕಾರಣ ಇಲ್ಲದಿದ್ದರೆ, ಹಣ ವಾಪಸ್ ನಿರಾಕರಿಸುವಂತಿಲ್ಲ. ತಡವಾಗಿ ಬಂದದ್ದಕ್ಕೇ ಹೀಗಿರುವಾಗ ಬಾರದೇ ಹೋದದ್ದರ ಬಗ್ಗೆ ವಾದವೇ ಬೇಕಿಲ್ಲ. ಮನೆಯ ಹಳೆ ಸೋಫಾವನ್ನು ಒಮ್ಮೆ ಮಾರಿದವರಿಗೆ ಈ ನಿಯಮ ತಗಲುವುದಿಲ್ಲ. ಕ್ರಮವಾಗಿ ವ್ಯಾಪಾರ ಮಾಡುವವರಿಗೆ, ಅದು ಮನೆಯ ಹಾಲ್‌ನಲ್ಲೇ ನಡೆದರೂ, ತಗಲುತ್ತದೆ. ಮೇಲಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಡವರು ತಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಇಳಕಲ್‌ನಲ್ಲಿ ಕೂತು ಮಾರಿದವರಿಗೆ ಗುವಾಹಟಿಯಿಂದ ನೋಟಿಸ್ ಬರಬಹುದು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ.

ಈಗ ಆ ‘ಡೆಲಿವರ್ಡ್’ ಎಂಬ ಹಸಿರು ಗುರುತನ್ನು ಹತ್ತಿರದಿಂದ ನೋಡೋಣ. ಅದು ಸಾಬೀತು ಮಾಡುವುದು ಒಂದನ್ನೇ: ವಿತರಿಸುವ ಹುಡುಗ ತನ್ನ ಫೋನಿನಲ್ಲಿ ಒಂದು ಗುಂಡಿ ಒತ್ತಿದ. ಪಾರ್ಸೆಲ್ ಲೆಕ್ಕದಲ್ಲಿ ಸಂಬಳ ಸಿಗುವ ಕಡೆ, ಸಂಜೆಯೊಳಗೆ ಲೆಕ್ಕ ಮುಗಿಸಬೇಕಾದ ಒತ್ತಡದಲ್ಲಿ, ಗುಂಡಿ ಮೊದಲು, ಮನೆ ಆಮೇಲೆ ಎಂಬುದು ಅಪರೂಪವಲ್ಲ. ಅವನನ್ನು ಕಳ್ಳ ಅನ್ನುವುದಕ್ಕೂ ಮೊದಲು ಅವನ ಚೀಲದ ಭಾರವನ್ನು ನೋಡಬೇಕು. ಸಹಿ ಎಂದು ತೋರಿಸುವುದು ಪರದೆಯ ಮೇಲೆ ಬೆರಳಿನಲ್ಲಿ ಎಳೆದ ಒಂದು ಅಂಕುಡೊಂಕು ಗೆರೆ, ಯಾರದ್ದೂ ಆಗಬಹುದು. ಫೋಟೊ ಇದ್ದರೆ ಅದರಲ್ಲಿ ಒಂದು ಗೇಟು, ಒಂದು ಚಪ್ಪಲಿ ಸ್ಟ್ಯಾಂಡು, ಅರ್ಧ ಕಾಣುವ ರಟ್ಟಿನ ಡಬ್ಬಿ. ಒಟಿಪಿ ಗಟ್ಟಿ ಪುರಾವೆ ಎನ್ನುತ್ತಾರೆ. ಆದರೆ ‘ಸರ್, ಒಟಿಪಿ ಹೇಳಿ, ಸೆಕ್ಯೂರಿಟಿ ಹತ್ರ ಇಟ್ಟು ಹೋಗ್ತೀನಿ’ ಎಂಬ ಫೋನಿಗೆ ಆಫೀಸಿನಲ್ಲಿ ಕೂತವರು ಅಂಕಿ ಓದಿ ಹೇಳಿಬಿಡುತ್ತಾರೆ. ಆ ಕ್ಷಣಕ್ಕೆ ವ್ಯವಸ್ಥೆಯ ಪ್ರಕಾರ ವಸ್ತು ಅವರ ಕೈ ಸೇರಿತು. ನಿಜದಲ್ಲಿ ಅದು ಇನ್ನೂ ಬೈಕಿನ ಮೇಲಿದೆ.

ಹಾಗಾಗಿ ‘ಬಂದಿಲ್ಲ’ ಎಂದವರಿಗೆ ಸ್ಕ್ರೀನ್‌ಶಾಟ್ ಕಳಿಸುವುದಕ್ಕಿಂತ ನಾಲ್ಕು ಪ್ರಶ್ನೆ ಕೇಳುವುದು ಎಷ್ಟೋ ಮೇಲು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಾಣೆಯಾದ ಪೊಟ್ಟಣಗಳು ಬಹಳ ಸಲ ಸಿಗುವುದು ಸೆಕ್ಯೂರಿಟಿ ಕ್ಯಾಬಿನ್ನಿನ ಕಬ್ಬಿಣದ ರ‍್ಯಾಕಿನಲ್ಲಿ. ಬಿ ಬ್ಲಾಕಿನ 304ಕ್ಕೆ ಬಂದದ್ದು ಡಿ ಬ್ಲಾಕಿನ 304ರಲ್ಲಿ ಮಂಚದ ಕೆಳಗೆ ಕೂತಿರುತ್ತದೆ. ಗೇಟಿನ ರಿಜಿಸ್ಟರಿನಲ್ಲಿ ಆ ಹೊತ್ತಿಗೆ ಯಾರು ಒಳಗೆ ಬಂದರು ಎಂದು ಬರೆದಿರುತ್ತದೆ. ಹಳ್ಳಿ, ಸಣ್ಣ ಊರುಗಳಲ್ಲಿ ಬೇರೆ ಕಥೆ: ‘ಹನುಮಂತನ ಗುಡಿ ಹಿಂದೆ’ ಎಂಬ ವಿಳಾಸ ಪೋಸ್ಟ್‌ಮ್ಯಾನ್‌ಗೆ ಸಾಕು, ಹೊಸ ಕೊರಿಯರ್ ಹುಡುಗನಿಗೆ ಸಾಲದು, ಅವನು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾನೆ. ಮನೆಯಲ್ಲಿ ಬೇರೆ ಯಾರಾದರೂ ತೆಗೆದುಕೊಂಡರಾ, ಆ ದಿನ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಿತ್ತಾ, ಲೇಬಲ್ಲಿನ ಮೇಲಿದ್ದ ಫೋನ್ ನಂಬರು ಸರಿಯಿತ್ತಾ ಎಂದು ಮರ್ಯಾದೆಯಿಂದ ಕೇಳಿದರೆ ಅರ್ಧ ಪ್ರಕರಣಗಳು ಜಗಳವಾಗುವ ಮೊದಲೇ ಬಗೆಹರಿಯುತ್ತವೆ ಎಂದು ನನಗೆ ಅನ್ನಿಸುತ್ತದೆ. ಕೇಳುವ ಧಾಟಿ ಮುಖ್ಯ. ಮೊದಲ ಸಾಲಿನಲ್ಲೇ ಅನುಮಾನ ಕಂಡರೆ ಎದುರಿನವರು ಹುಡುಕುವುದನ್ನು ಬಿಟ್ಟು ವಾದಕ್ಕೆ ಇಳಿಯುತ್ತಾರೆ.

ಸಣ್ಣ ಮಾರಾಟಗಾರರ ಪುಟಗಳಲ್ಲಿ ಈಗ ಇನ್ನೊಂದು ಕಟ್ಟಪ್ಪಣೆ ಕಾಣುತ್ತದೆ: ‘ಅನ್‌ಬಾಕ್ಸಿಂಗ್ ವಿಡಿಯೊ ಕಡ್ಡಾಯ. ವಿಡಿಯೊ ಇಲ್ಲದೆ ಯಾವ ದೂರೂ ಸ್ವೀಕರಿಸುವುದಿಲ್ಲ.’ ಒಳಗಿನ ವಸ್ತು ಬದಲಾದಾಗ, ಒಡೆದಾಗ ಇದಕ್ಕೆ ಸ್ವಲ್ಪ ಅರ್ಥವಿದೆ. ಆದರೆ ಬಾರದ ಪಾರ್ಸೆಲ್ಲನ್ನು ಬಿಚ್ಚಿ ವಿಡಿಯೊ ಮಾಡುವುದು ಹೇಗೆ? ಈ ನಿಯಮ ತನಗೆ ಸಂಬಂಧವೇ ಇಲ್ಲದ ದೂರಿನ ಬಾಗಿಲನ್ನೂ ಮುಚ್ಚುತ್ತದೆ. ಅರವತ್ತು ದಾಟಿದ ಅಜ್ಜಿ ಮೊಮ್ಮಗಳಿಗೆಂದು ಖಣದ ಕುಪ್ಪಸದ ಬಟ್ಟೆ ತರಿಸಿಕೊಂಡಿರುತ್ತಾರೆ. ಅವರಿಂದ ಒಂದೇ ಶಾಟಿನ, ಎಡಿಟ್ ಮಾಡದ ವಿಡಿಯೊ ಬೇಕು ಎನ್ನುವುದು ಪುರಾವೆ ಕೇಳಿದ ಹಾಗಲ್ಲ, ದೂರು ಕೊಡಬೇಡಿ ಎಂದ ಹಾಗೆ. ಪುರಾವೆ ಕಟ್ಟಿಡಬೇಕಾದವರು ಮೊದಲು ಕಳಿಸುವವರು. ಪ್ಯಾಕ್ ಮಾಡುವಾಗ ಸೀರೆಯ ಸೆರಗು ಕಾಣುವ ಹಾಗೆ ಒಂದು ಫೋಟೊ, ಟೇಪ್ ಸುತ್ತಿದ ಮೇಲೆ ಲೇಬಲ್ ಸಮೇತ ಇನ್ನೊಂದು, ತಕ್ಕಡಿಯ ಮೇಲಿಟ್ಟು ಮತ್ತೊಂದು. ಇಷ್ಟಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ.

ತೂಕದ ವಿಷಯವನ್ನು ಬಹಳ ಜನ ಕಡೆಗಣಿಸುತ್ತಾರೆ. ಬುಕಿಂಗ್ ರಸೀದಿಯಲ್ಲಿ 720 ಗ್ರಾಂ ಎಂದಿದ್ದು, ತಲುಪಿದ ಪೊಟ್ಟಣ ಅಂಗಡಿಯ ತಕ್ಕಡಿಯಲ್ಲಿ 180 ಗ್ರಾಂ ತೂಗಿದರೆ ಸೀರೆ ದಾರಿಯಲ್ಲೇ ಹೋಯಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಆದರೆ ಅಂಚೆ ಕೌಂಟರಿನ ಆ ರಸೀದಿ ಬಿಸಿಗೆ ಮುದ್ರಣವಾಗುವ ತೆಳು ಕಾಗದ. ಪರ್ಸಿನಲ್ಲಿಟ್ಟರೆ ಕೆಲವು ತಿಂಗಳಲ್ಲಿ ಅಕ್ಷರ ಅಳಿಸಿ ಬರೀ ಬಿಳಿ ಚೀಟಿ ಉಳಿಯುತ್ತದೆ. ಕೊಟ್ಟ ದಿನವೇ ಅದರ ಫೋಟೊ ತೆಗೆದಿಡಬೇಕು. ಅದರ ಮೇಲಿನ ಹದಿಮೂರು ಅಕ್ಷರದ ಸಂಖ್ಯೆಯನ್ನು ಕೈಯಲ್ಲಿ ನಕಲು ಮಾಡಿ ಕೊಂಡವರಿಗೆ ಕಳಿಸುವುದಕ್ಕಿಂತ ಫೋಟೊವನ್ನೇ ಕಳಿಸುವುದು ಕ್ಷೇಮ. ಒಂದು ಅಂಕಿ ತಪ್ಪಿದರೂ ಇಬ್ಬರೂ ಇಲ್ಲದ ಪಾರ್ಸೆಲ್ ಹುಡುಕುತ್ತಾ ಕೂರುತ್ತಾರೆ.

ದೊಡ್ಡ ಮಾರುಕಟ್ಟೆ ತಾಣಗಳ ಪದ್ಧತಿ ಸಣ್ಣ ಮಾರಾಟಗಾರರ ಈ ರೂಢಿಗೆ ತದ್ವಿರುದ್ಧ. ಅಲ್ಲಿ ಕೊಂಡವರು ‘ಬಂದಿಲ್ಲ’ ಎಂದರೆ ಬಹುತೇಕ ಬೇಗ ಹಣ ವಾಪಸ್ ಬರುತ್ತದೆ, ಅಪರಿಚಿತರಿಂದ ಕೊಳ್ಳುವ ಧೈರ್ಯವನ್ನು ಜನರಿಗೆ ಕೊಟ್ಟದ್ದೇ ಆ ಭರವಸೆ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರು ಆ ಹಣ ಯಾರ ಜೇಬಿನಿಂದ ಹೋಗುತ್ತದೆ ಎಂಬುದರ ಬಗ್ಗೆ. ತಾಣದವರದೇ ಸಾಗಣೆ ವ್ಯವಸ್ಥೆಯಲ್ಲಿ ವಸ್ತು ಕಳೆದರೆ ನಷ್ಟವೂ ತಾಣದ್ದೇ ಆಗಬೇಕು, ಹಾಗೆಂದು ನಿಯಮಾವಳಿಗಳಲ್ಲಿ ಮಾರಾಟಗಾರರ ರಕ್ಷಣೆಯ ಏರ್ಪಾಡುಗಳೂ ಇವೆ. ಆದರೆ ಅದನ್ನು ಪಡೆಯಲು ಮಾರಿದವರು ಗಡುವಿನೊಳಗೆ ಕ್ಲೇಮ್ ಹಾಕಬೇಕು, ಫೋಟೊ ಏರಿಸಬೇಕು, ತಿರಸ್ಕಾರವಾದರೆ ಮತ್ತೆ ಮೇಲ್ಮನವಿ. ಇವೆಲ್ಲ ಬಹುಪಾಲು ಇಂಗ್ಲಿಷಿನಲ್ಲಿ. ಲೆಕ್ಕಕ್ಕೆ ಒಬ್ಬ, ದೂರಿಗೆ ಒಬ್ಬ ಎಂದು ಆಳಿಟ್ಟುಕೊಂಡ ವ್ಯಾಪಾರಿ ಹಣ ಗಿಟ್ಟಿಸುತ್ತಾನೆ. ಮಗ್ಗದ ಮನೆಯ ಹೆಣ್ಣುಮಗಳು ವಾರದ ಪಾವತಿಯಲ್ಲಿ ಕಡಿತವಾದ ಮೊತ್ತವನ್ನು ನೋಡಿ ಸುಮ್ಮನಾಗುತ್ತಾಳೆ. ಇನ್ನೂ ನೋವಿನದು ಆರ್‌ಟಿಒ, ಎಂದರೆ ಮರಳಿ ಕಳಿಸಿದ ಮಾಲು. ‘ಗ್ರಾಹಕರು ಮನೆಯಲ್ಲಿರಲಿಲ್ಲ’ ಎಂಬ ಷರಾ ಹಾಕಿ ವಾಪಸ್ ಹೊರಟ ಪೊಟ್ಟಣ ಹಿಂದಿರುಗುವ ದಾರಿಯಲ್ಲಿ ಮಾಯವಾದರೆ ಕೇಳುವ ಗ್ರಾಹಕರೂ ಇರುವುದಿಲ್ಲ. ಆ ನಷ್ಟಕ್ಕೆ ಗಟ್ಟಿಯಾಗಿ ಕೂಗುವವರು ಯಾರೂ ಇಲ್ಲ.

ತಾಣದ ಹೊರಗೆ ತಾವೇ ಕಳಿಸುವವರಿಗೆ ಸಾಗಣೆದಾರರಿಂದ ಏನು ಸಿಗುತ್ತದೆ? ಸ್ಪೀಡ್ ಪೋಸ್ಟ್ 1986ರ ಆಗಸ್ಟ್ 1ರಂದು ಆರಂಭವಾದ ಸೇವೆ. ಅದರಲ್ಲಿ ಕಳೆದ ವಸ್ತುವಿಗೆ ವರ್ಷಗಳಿಂದ ನಡೆದುಬಂದ ಪರಿಹಾರದ ಲೆಕ್ಕ ಹೀಗೆ: ಕಟ್ಟಿದ ಅಂಚೆ ವೆಚ್ಚದ ಎರಡು ಪಟ್ಟು ಅಥವಾ 1000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. 3500 ರೂಪಾಯಿಯ ಸೀರೆಗೆ 100 ರೂಪಾಯಿ ಅಂಚೆ ಕಟ್ಟಿದ್ದರೆ ಕೈಗೆ ಬರುವುದು 200. ವಿಮೆ ಮಾಡಿಸಿದ್ದರೆ ಬೇರೆ ಮಾತು, ಆದರೆ ಕೌಂಟರಿನಲ್ಲಿ ಅದನ್ನು ಕೇಳಿ ಮಾಡಿಸುವವರು ಕಡಿಮೆ. 1898ರ ಅಂಚೆ ಕಾಯ್ದೆ ಇಲಾಖೆಯನ್ನು ಹೊಣೆಯಿಂದ ದೂರ ಇಟ್ಟಿತ್ತು. 2024ರ ಜೂನ್ 18ರಿಂದ ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯ 10ನೇ ಕಲಮೂ ನಿಯಮಗಳಲ್ಲಿ ಹೇಳಿದಷ್ಟಕ್ಕೆ ಮಾತ್ರ ಹೊಣೆ ಎನ್ನುತ್ತದೆ. ನೂರಿಪ್ಪತ್ತೈದು ವರ್ಷ ಕಳೆದರೂ ಮನೋಭಾವ ಬದಲಾಗಿಲ್ಲ. ಖಾಸಗಿಯವರದು ಇನ್ನೊಂದು ದಾರಿ. ತಿರುಪ್ಪೂರಿನ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪು ಸಣ್ಣ ಮಾರಾಟಗಾರರೆಲ್ಲ ತಿಳಿದಿರಬೇಕಾದದ್ದು. ಜರ್ಮನಿಗೆ ಹೋಗಬೇಕಿದ್ದ ಲಕೋಟೆ ತಲುಪಲಿಲ್ಲ; ಆದರೂ ಸಹಿ ಹಾಕಿದ ಚೀಟಿಯಲ್ಲಿ ಹೊಣೆಗಾರಿಕೆ 100 ಡಾಲರಿಗೆ ಸೀಮಿತ ಎಂದು ಮುದ್ರಿಸಿದ್ದರಿಂದ ಅಷ್ಟೇ ಪರಿಹಾರ ಎಂದು ಕೋರ್ಟ್ ಹೇಳಿತು. ಕೊರಿಯರ್ ಚೀಟಿಯ ಹಿಂಬದಿಯ ಸಾಸಿವೆ ಗಾತ್ರದ ಅಕ್ಷರಗಳಿಗೆ ಅಷ್ಟು ಬೆಲೆಯಿದೆ. ಬೆಲೆಬಾಳುವ ವಸ್ತುವಿನ ಮೌಲ್ಯ ಬರೆಸದೆ, ವಿಮೆ ಕಟ್ಟದೆ ಕಳಿಸುವುದು ಈ ಕಾರಣಕ್ಕೆ ದೊಡ್ಡ ಜೂಜು.

ಸುಳ್ಳು ದೂರುಗಳಿಲ್ಲವೇ? ಇವೆ. ಸೀರೆ ಉಟ್ಟು ಫೋಟೊ ಹಾಕಿದವರೇ ಬಂದಿಲ್ಲ ಎಂದು ವಾದಿಸಿದ್ದನ್ನು ಮಾರುವವರು ನೊಂದುಕೊಂಡು ಹೇಳುತ್ತಾರೆ. ಅಂಥವರ ವಿಳಾಸ, ನಂಬರು ಬರೆದಿಟ್ಟುಕೊಂಡು ಮುಂದೆ ಮಾರದಿರುವುದು ಅವರ ಹಕ್ಕು. ಮೊತ್ತ ದೊಡ್ಡದಿದ್ದು ಪುರಾವೆಯೂ ಇದ್ದರೆ ಪೊಲೀಸ್ ದೂರು ಕೊಡಬಹುದು. ಆದರೆ ಫೇಸ್‌ಬುಕ್ ಗುಂಪುಗಳಲ್ಲಿ ಹೆಸರು, ಫೋಟೊ, ವಿಳಾಸ ಸಮೇತ ‘ಮೋಸಗಾರರು’ ಎಂದು ಪ್ರಕಟಿಸುವುದನ್ನು ನಾನು ಒಪ್ಪಲಾರೆ. ಆ ಪೊಟ್ಟಣ ಮರುದಿನ ಪಕ್ಕದ ಮನೆಯಲ್ಲಿ ಸಿಕ್ಕರೆ ಹೋದ ಮಾನವನ್ನು ಯಾವ ರಿಫಂಡೂ ತಂದುಕೊಡುವುದಿಲ್ಲ.

ಒಳ್ಳೆಯ ಪದ್ಧತಿ ಯಾವುದು ಎಂದರೆ ನನ್ನ ಮಟ್ಟಿಗೆ ಹೀಗೆ: ದೂರು ಬಂದ ದಿನವೇ ಕಳಿಸಿದವರು ಸಾಗಣೆದಾರರಿಗೆ ಬರಹದಲ್ಲಿ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಕೊಂಡವರಿಗೆ ತಿಳಿಸಬೇಕು. ಒಂದು ದಿನಾಂಕ ಹೇಳಬೇಕು: ಇಂಥ ದಿನದೊಳಗೆ ಸಿಗದಿದ್ದರೆ ಹಣ ಅಥವಾ ಬದಲಿ ವಸ್ತು. ಆ ದಿನ ಬಂದಾಗ ಕೊರಿಯರ್‌ನವರ ಉತ್ತರಕ್ಕೆ ಕಾಯದೆ ಕೊಡಬೇಕು. ಸಾಗಣೆದಾರರ ಜೊತೆಗಿನ ಜಗಳ ಬೇರೆ, ಅದು ತಿಂಗಳುಗಟ್ಟಲೆ ನಡೆಯಲಿ. ಈ ನಷ್ಟವನ್ನು ಮೊದಲೇ ಬೆಲೆಯಲ್ಲಿ ಸ್ವಲ್ಪ ಸೇರಿಸಿಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅಂಗಡಿ ಇಟ್ಟವರು ಬಾಡಿಗೆಯನ್ನು ಸೇರಿಸಿಕೊಳ್ಳುವುದಿಲ್ಲವೇ?

ಅಂಚೆ ಇಲಾಖೆ 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿಗೆ ಒಟಿಪಿ ವಿತರಣೆಯ ಸೌಲಭ್ಯ ತಂದಿದೆ, ಒಂದು ವಸ್ತುವಿಗೆ 5 ರೂಪಾಯಿ, ಮೇಲೆ ಜಿಎಸ್‌ಟಿ. ಒಟಿಪಿಯ ದೌರ್ಬಲ್ಯವನ್ನು ಮೇಲೆ ಹೇಳಿದ್ದೇನೆ, ಆದರೂ ಬೆರಳಿನ ಗೆರೆಗಿಂತ ಅದು ಎಷ್ಟೋ ವಾಸಿ. ಸೀರೆ ಕಳಿಸುವವರು ಇನ್ನು ಮುಂದೆ ಕೌಂಟರಿನಲ್ಲಿ ಅದನ್ನು ಹೆಸರು ಹಿಡಿದು ಕೇಳಬೇಕು. ಇಲಾಖೆಯೂ, ಖಾಸಗಿ ಕೊರಿಯರ್‌ಗಳೂ ಇನ್ನೊಂದು ಹೆಜ್ಜೆ ಇಡಬೇಕು: ದೂರು ದಾಖಲಾದ ದಿನವೇ ವಿತರಣೆಯ ಜಾಗ, ಹೊತ್ತು, ಫೋಟೊ, ಕೊನೆಯ ತೂಕ, ಇಷ್ಟನ್ನು ಕಳಿಸಿದವರಿಗೂ ಪಡೆಯಬೇಕಾದವರಿಗೂ ಒಟ್ಟಿಗೆ ಕೊಡಬೇಕು. ಆ ಮಾಹಿತಿಯಲ್ಲಿ ಬಹುಪಾಲು ಅವರ ಯಂತ್ರಗಳಲ್ಲಿ ಈಗಾಗಲೇ ಕೂತಿದೆ, ಕೇಳಿದವರ ಕೈಗೆ ಬರುತ್ತಿಲ್ಲ.